ಫಿನ್ನಿ ಹೋಗಲಿಲ್ಲ ಅಂತೀರಿ, ಬಿಟ್ಟಿದ್ದರಲ್ವಾ ಹೋಗೋದು?

ಓದುಗರ ಪತ್ರ: “ಇಂದಿನ ಫುಟ್‌ಬಾಲ್ ಆಟಗಾರರಿಗೆ ದುಡ್ಡೇ ದೊಡ್ಡಪ್ಪ. ಜಾಸ್ತಿ ಕೊಟ್ಟವರ ಹಿಂದೆ ಓಡುತ್ತಾರೆ. ಇಂಗ್ಲೆಂಡಿನ ಟಾಮ್ ಫಿನ್ನಿಯನ್ನು ನೋಡಿ. ಹುಟ್ಟಿದೂರಿನ ಪ್ರೆಸ್ಟನ್ ತಂಡ ಬಿಟ್ಟು ಕದಲಲಿಲ್ಲ. ಆಟದ ಜೊತೆಗೆ ಪ್ಲಂಬಿಂಗ್ ಕೆಲಸ ಮಾಡಿಕೊಂಡು ಬದುಕಿದರು. ಇಂಥ ನಿಷ್ಠಾವಂತರ ಬಗ್ಗೆ ಒಂದು ಮಾಲಿಕೆ ಬರೆಯಬಾರದೇ?” – ನಿವೃತ್ತ ಪಿ.ಟಿ. ಮೇಷ್ಟ್ರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಫಿನ್ನಿಯನ್ನು ನೆನಪಿಟ್ಟುಕೊಂಡು ಪತ್ರ ಬರೆಯುವ ಓದುಗರು ನಮಗಿದ್ದಾರೆ ಅನ್ನೋದೇ ಖುಷಿ. ಈಗ ಆಟದಲ್ಲಿ ದುಡ್ಡಿನ ಅಬ್ಬರ ಮಿತಿಮೀರಿದೆ, ಒಪ್ಪಿದೆ. ಫಿನ್ನಿಗೆ ತಮ್ಮೂರಿನ ಮೇಲೆ ಪ್ರೀತಿ ಇತ್ತು ಅನ್ನುವುದೂ ಸುಳ್ಳಲ್ಲ. ಆದರೆ ಅವರ ಬದುಕನ್ನು ತ್ಯಾಗದ ಕತೆ ಮಾಡಿ ಹೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕತೆಯ ಅರ್ಧ ಭಾಗ ಅಲ್ಲೇ ಬಿಟ್ಟುಹೋಗುತ್ತದೆ.

1952ರ ಬೇಸಿಗೆಯಲ್ಲಿ ಇಂಗ್ಲೆಂಡ್ ತಂಡ ಇಟಲಿಗೆ ಹೋಗಿತ್ತು. ಅಲ್ಲಿ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ ಫಿನ್ನಿಯ ಮುಂದೆ ಒಂದು ಮಾತಿಟ್ಟ. ನಮ್ಮ ತಂಡಕ್ಕೆ ಬನ್ನಿ, ಕೈಗೆ 10,000 ಪೌಂಡ್ ಕೊಡುತ್ತೇನೆ. ತಿಂಗಳಿಗೆ 130 ಪೌಂಡ್ ಸಂಬಳ, ಗೆದ್ದಾಗ ಬೋನಸ್, ಇರಲಿಕ್ಕೆ ಸಮುದ್ರದ ಕಡೆ ಬಂಗಲೆ, ಓಡಾಡಲಿಕ್ಕೆ ಕಾರು. ಆಗ ಫಿನ್ನಿಯ ಸಂಬಳ ಎಷ್ಟು ಗೊತ್ತಾ? ವಾರಕ್ಕೆ 14 ಪೌಂಡ್. ಲೆಕ್ಕ ಹಾಕಿ ನೋಡಿ, ಆ 10,000 ಪೌಂಡ್ ಅವರ 13 ವರ್ಷದ ದುಡಿಮೆಗಿಂತ ಜಾಸ್ತಿ. ಯುದ್ಧದಲ್ಲಿ ಸೇನೆಯ ಟ್ಯಾಂಕ್ ಓಡಿಸಿ, 24 ತುಂಬಿದ ಮೇಲಷ್ಟೇ ಮೊದಲ ಲೀಗ್ ಪಂದ್ಯ ಆಡಿದವರು ಅವರು. ಪಲೆರ್ಮೊದ ಮಾತು ಬಂದಾಗ ವಯಸ್ಸು 30. ಆಟಗಾರನ ಕಾಲು ಇನ್ನೆಷ್ಟು ದಿನ ನಡೆಯುತ್ತದೆ, ಹೇಳಿ.

ಫಿನ್ನಿ ವಿಷಯವನ್ನು ಪ್ರೆಸ್ಟನ್ ಕ್ಲಬ್ಬಿನ ಮುಂದೆ ಇಟ್ಟರು. ಅಲ್ಲಿನ ಅಧ್ಯಕ್ಷರಿಂದ ಬಂದ ಉತ್ತರವನ್ನು ಫಿನ್ನಿಯೇ ಆಮೇಲೆ ಹೇಳಿಕೊಂಡಿದ್ದಾರೆ: ಪ್ರೆಸ್ಟನ್‌ಗೆ ಆಡದಿದ್ದರೆ ನೀನು ಇನ್ಯಾರಿಗೂ ಆಡೋದಿಲ್ಲ. ಅಷ್ಟೇ, ಮಾತು ಮುಗಿಯಿತು.

ಇದು ಬಾಯಿಮಾತಿನ ಬೆದರಿಕೆಯಾಗಿರಲಿಲ್ಲ. ಅಂದಿನ ನಿಯಮವೇ ಹಾಗಿತ್ತು. ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಆಡಿಸದೆ, ಸಂಬಳ ಕೊಡದೆ, ಬೇರೆ ಕಡೆಗೂ ಬಿಡದೆ ಕೂರಿಸಬಹುದಿತ್ತು. ಸಂಬಳಕ್ಕೂ ಇಷ್ಟೇ ಅಂತ ಮೇಲಿನ ಮಿತಿ. ಮಿಡಲ್ಸ್‌ಬರೋ ಕ್ಲಬ್ಬಿನ ವಿಲ್ಫ್ ಮ್ಯಾನಿಯನ್ 1948ರಲ್ಲಿ ಇದರ ವಿರುದ್ಧ ಹಟ ಹಿಡಿದು ತಿಂಗಳುಗಟ್ಟಲೆ ಆಡದೆ ಕೂತರು. ಕೊನೆಗೆ ಸೋತು ಅದೇ ಕ್ಲಬ್ಬಿಗೆ ಮರಳಿದರು. ಸ್ಟೋಕ್ ತಂಡದ ನೀಲ್ ಫ್ರಾಂಕ್ಲಿನ್ 1950ರಲ್ಲಿ ಕೊಲಂಬಿಯಾಕ್ಕೆ ಹೊರಟುಹೋದರು. ಬೇಗನೆ ವಾಪಸ್ ಬಂದರೂ ಇಂಗ್ಲೆಂಡ್ ತಂಡಕ್ಕೆ ಅವರನ್ನು ಮತ್ತೆ ಕರೆಯಲೇ ಇಲ್ಲ. ಇದೆಲ್ಲ ಫಿನ್ನಿಯ ಕಣ್ಣೆದುರೇ ನಡೆದಿತ್ತು.

ನೀವು ಪ್ಲಂಬಿಂಗ್ ಬಗ್ಗೆ ಅಭಿಮಾನದಿಂದ ಬರೆದಿದ್ದೀರಿ. ಅದು ದುಡಿಮೆಯ ಕಸುಬು, ನನಗೂ ಗೌರವವಿದೆ. ಮೊದಲು ಕಸುಬು ಕಲಿ, ಆಮೇಲೆ ಚೆಂಡು ಅಂತ ಫಿನ್ನಿಯ ಅಪ್ಪ ಹೇಳಿದ್ದು ಎಷ್ಟು ಸರಿಯಾಗಿತ್ತು! ಆದರೆ ದೇಶಕ್ಕಾಗಿ 76 ಪಂದ್ಯ ಆಡಿ 30 ಗೋಲು ಹೊಡೆದವನಿಗೆ ನಲ್ಲಿ ರಿಪೇರಿಯ ಆಸರೆ ಬೇಕಾಯಿತು ಅಂದರೆ ನಾಚಿಕೆಪಡಬೇಕಾದವರು ಯಾರು? ಫಿನ್ನಿಯ ಪ್ರೆಸ್ಟನ್ ತಂಡ ಆಡಿದ 1954ರ ಎಫ್.ಎ. ಕಪ್ ಫೈನಲ್‌ಗೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಹತ್ತಿರ ಹತ್ತಿರ 1 ಲಕ್ಷ ಜನ ಸೇರಿದ್ದರು. ಎಲ್ಲರೂ ಟಿಕೆಟ್ ಕೊಂಡವರು. ಆ ದುಡ್ಡು ಯಾರ ಪೆಟ್ಟಿಗೆ ಸೇರಿತು ಅಂತ ನಾವು ಕೇಳುವುದೇ ಇಲ್ಲ. ಆಟಗಾರ ಬಾಯಿಬಿಟ್ಟು ಕೇಳಿದರೆ ಮಾತ್ರ ಅವನು ದುರಾಸೆಯವನು.

ಫಿನ್ನಿಯ ಒಂದು ಫೋಟೊ ಇದೆ, ಸಿಕ್ಕರೆ ನೋಡಿ. 1956, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನ, ಚೆಲ್ಸಿ ವಿರುದ್ಧದ ಪಂದ್ಯ. ಜಡಿಮಳೆ ಹೊಡೆದು ನೀರು ನಿಂತಿದೆ. ಫಿನ್ನಿ ಚೆಂಡಿನ ಹಿಂದೆ ಆ ನೀರಿನೊಳಕ್ಕೇ ನುಗ್ಗಿದ್ದಾರೆ. ನೀರು ನವಿಲು ಗರಿ ಬಿಚ್ಚಿದ ಹಾಗೆ ಎದ್ದಿದೆ, ಮೈ ಇನ್ನೇನು ನೆಲಕ್ಕೆ ತಾಗುವಷ್ಟು ಬಾಗಿದೆ. 2004ರಲ್ಲಿ ಅದನ್ನೇ ಪ್ರತಿಮೆ ಮಾಡಿ, ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದ ಹೊರಗೆ ಕಾರಂಜಿಯ ನಡುವೆ ನಿಲ್ಲಿಸಿದರು. ಚೆನ್ನಾಗಿದೆ. ಆದರೆ ದುಡಿಯುವ ವಯಸ್ಸಿನಲ್ಲಿ ತಕ್ಕ ಸಂಬಳ ಕೊಡದೆ, ಮುಪ್ಪಿನಲ್ಲಿ ಪ್ರತಿಮೆ ಕೊಡುವುದನ್ನು ಸನ್ಮಾನ ಅಂತ ಒಪ್ಪಿಕೊಳ್ಳಲು ನನ್ನಿಂದಾಗದು. ನಮ್ಮಲ್ಲೂ ಇದೇ ತಾನೇ? ರಾತ್ರಿಯಿಡೀ ಕುಣಿದ ಕಲಾವಿದರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಸಂಭಾವನೆ ಕೇಳಿದರೆ ‘ಕಲೆಗೆ ಬೆಲೆ ಕಟ್ಟಲಾದೀತೇ’ ಅನ್ನುವ ಭಾಷಣ. ಈ ಮಾತು ಹೇಳುವವರ ಮನೆಗೆ ತಿಂಗಳ ಸಂಬಳ ತಪ್ಪದೆ ಬರುತ್ತಿರುತ್ತದೆ.

ಫಿನ್ನಿ 1960ರಲ್ಲಿ ಆಟ ನಿಲ್ಲಿಸಿದರು. 1961ರ ಜನವರಿಯಲ್ಲಿ ಸಂಬಳದ ಮಿತಿ ಹೋಯಿತು. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ನಿಂತಿದ್ದರ ಫಲ ಅದು. ಫುಲ್‌ಹ್ಯಾಮ್ ಕ್ಲಬ್ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟಿತು. ಅವರು 1970ರವರೆಗೂ ಅಲ್ಲೇ ಆಡಿದರು, ಮೇಷ್ಟ್ರೇ. ಸಂಬಳ ಸರಿಯಾಗಿ ಕೊಟ್ಟ ಮಾತ್ರಕ್ಕೆ ಆಟಗಾರ ಓಡಿಹೋಗಲಿಲ್ಲ. ನಿಮ್ಮ ನಿಷ್ಠೆ ಇಲ್ಲೂ ಇದೆ ಅಲ್ವಾ?

ಮಾಲಿಕೆ ಖಂಡಿತ ಬರೆಯೋಣ. ಮೊದಲ ಕಂತು ಮಾತ್ರ ಜಾರ್ಜ್ ಈಸ್ಟ್‌ಹ್ಯಾಮ್ ಬಗ್ಗೆ. ನ್ಯೂಕಾಸಲ್ ಕ್ಲಬ್ ತನ್ನನ್ನು ಬಿಡಲಿಲ್ಲ ಅಂತ ಕೋರ್ಟಿಗೆ ಹೋಗಿ, ಆಟಗಾರರನ್ನು ಕಟ್ಟಿಹಾಕುವ ಆ ನಿಯಮ ಅನ್ಯಾಯದ್ದು ಎಂದು 1963ರಲ್ಲಿ ತೀರ್ಪು ಪಡೆದವರು ಅವರು. ಫಿನ್ನಿ ಎರಡನೇ ಕಂತಿಗೆ ಬರಲಿ. ಅದನ್ನು ಓದಿ ನೀವು ಮತ್ತೆ ಪತ್ರ ಬರೆಯಲೇಬೇಕು.