ಫ್ರೆಂಚ್ ಚಿತ್ರಕಾರ ಡೆಲಾಕ್ರುವಾನ ‘ದಾಂತೆಯ ದೋಣಿ’ ಚಿತ್ರದಲ್ಲಿ ನಡೆಯುತ್ತಿರುವುದೇನು?

ಇದು ಇಟಲಿಯ ಕವಿ ದಾಂತೆಯ ‘ಡಿವೈನ್ ಕಾಮಿಡಿ’ ಕಾವ್ಯದಲ್ಲಿ ಬರುವ ಅವನದೇ ನರಕಯಾತ್ರೆಯ ಒಂದು ಗಳಿಗೆ. ದೋಣಿಯಲ್ಲಿರುವವರು ನರಕದ ಸ್ಟಿಕ್ಸ್ ನದಿ ದಾಟುತ್ತಿದ್ದಾರೆ. ಕೆಂಪು ಶಿರವಸ್ತ್ರ ತೊಟ್ಟು, ಕೈಯೆತ್ತಿ ಬೆಚ್ಚಿ ನಿಂತವನೇ ದಾಂತೆ. ಅವನ ಇನ್ನೊಂದು ಕೈ ಹಿಡಿದವನು ದಾರಿ ತೋರಿಸುವ ಪ್ರಾಚೀನ ರೋಮನ್ ಕವಿ ವರ್ಜಿಲ್, ಅವನಿಗೇನೂ ಗಾಬರಿಯಿಲ್ಲ. ನಮಗೆ ಬೆನ್ನು ಮಾಡಿರುವ ಅಂಬಿಗ ಫ್ಲೆಗಿಯಾಸ್. ಹಿಂದೆ ಉರಿಯುತ್ತಿರುವುದು ನರಕದೊಳಗಿನ ಡಿಸ್ ನಗರ. ಪಾಪಿಗಳು ದೋಣಿಗೆ ಜೋತುಬಿದ್ದಿದ್ದಾರೆ. ಒಬ್ಬನಂತೂ ಅದರ ಅಂಚನ್ನೇ ಹಲ್ಲಿನಿಂದ ಕಚ್ಚಿದ್ದಾನೆ!

1822ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಇದನ್ನಿಟ್ಟಾಗ ಡೆಲಾಕ್ರುವಾನಿಗೆ 24ರ ಆಸುಪಾಸು. ಸರ್ಕಾರವೇ ಕೊಂಡುಕೊಂಡಿತು. ಈಗ ಲೂವ್ರ್ ಮ್ಯೂಸಿಯಂನಲ್ಲಿದೆ.

ನನಗೆ ಜಾಸ್ತಿ ಇಷ್ಟ ಪಾಪಿಗಳ ಮೈಮೇಲಿನ ನೀರ ಹನಿಗಳು. ಹತ್ತಿರದಿಂದ ನೋಡಿದರೆ ಅವು ಬರೀ ಕೆಂಪು, ಹಳದಿ, ಹಸಿರು, ಬಿಳಿ ಗೀಟುಗಳು. ಬಣ್ಣ ಬೆರೆಸದೆ ಪಕ್ಕಪಕ್ಕ ಇಟ್ಟಿದ್ದಾನೆ. ದೂರ ನಿಂತರೆ ನೀರೇ, ಅಲ್ವಾ?