ಚೆಕ್ ಎಂಜಿನ್ ದೀಪ ಹೊತ್ತಿದೆ, ಏನು ಮಾಡಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಓಬಿಡಿ ಪೋರ್ಟಿನ (ಗಾಡಿಯ ಕಂಪ್ಯೂಟರ್ ದಾಖಲಿಸಿದ ತಪ್ಪಿನ ಕೋಡ್ ಓದಲು ಅಡಾಪ್ಟರ್ ಸಿಕ್ಕಿಸುವ ಜಾಗ) ಬಗ್ಗೆಯೇ ಇದ್ದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ತುಮಕೂರಿನಲ್ಲಿ ಆಟೋ ಎಲೆಕ್ಟ್ರಿಕಲ್ ಶೆಡ್ ನಡೆಸುವವನಾಗಿ ನನಗೆ ಇದು ಖುಷಿಯ ವಿಷಯ. ಗಾಡಿ ಏನು ಹೇಳುತ್ತಿದೆ ಅಂತ ಯಜಮಾನರಿಗೇ ಗೊತ್ತಿದ್ದರೆ ನಮ್ಮಂಥವರ ಕೆಲಸವೂ ಸಲೀಸು.

ಪ್ರಶ್ನೆ: ನನ್ನದು 2017ರ ಪೆಟ್ರೋಲ್ ಸೆಡಾನ್. ಎರಡು ವಾರದಿಂದ ಚೆಕ್ ಎಂಜಿನ್ ದೀಪ ಆರಿಲ್ಲ. ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಸ್ವಲ್ಪ ನಡುಗುತ್ತದೆ. ಗ್ಯಾರೇಜಿನವರು ಸ್ಕ್ಯಾನ್ ಮಾಡಿ "ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಾಯಿಸಬೇಕು" ಅಂದರು. ತಮ್ಮ ಒಂದು ಬ್ಲೂಟೂತ್ ಅಡಾಪ್ಟರ್ ಕೊಟ್ಟಿದ್ದಾನೆ. ನಾನೇ ನೋಡಿ ಖಚಿತ ಮಾಡಿಕೊಳ್ಳಬಹುದೇ? ಬಾನೆಟ್ ತೆಗೆದ ಫೋಟೋ ಜೊತೆಗಿಟ್ಟಿದ್ದೇನೆ.
— ಶಿಕ್ಷಕಿ, ಅರಸೀಕೆರೆ

ಉತ್ತರ: ಖಂಡಿತ ಮಾಡಿಕೊಳ್ಳಬಹುದು ಮೇಡಂ. ಸೆನ್ಸರ್‌ಗೆ ಈಗಲೇ ದುಡ್ಡು ಕೊಡಬೇಡಿ. ಪಿ0171 ಅಂದರೆ ಎಂಜಿನ್‌ಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಆ ಸುದ್ದಿ ಕೊಟ್ಟಿದ್ದೇ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್. ಪರೀಕ್ಷೆ ಮಾಡದೆ ಅದನ್ನೇ ಕಿತ್ತು ಹಾಕುವುದು ಕಳ್ಳ ಬಂದ ಅಂತ ಬೊಗಳಿದ ನಾಯಿಯನ್ನೇ ಹೊಡೆದ ಹಾಗೆ.

ಪೋರ್ಟ್ ಎಲ್ಲಿದೆ ಅಂತ ಮೊದಲು ನೋಡಿ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ, ಬಹಳ ಗಾಡಿಗಳಲ್ಲಿ ಬಾನೆಟ್ ತೆಗೆಯುವ ಲಿವರ್‌ನ ಹತ್ತಿರವೇ ಇರುತ್ತದೆ. ಎಂಟೆಂಟರ ಎರಡು ಸಾಲು, ಒಟ್ಟು 16 ಪಿನ್. ಅಮೆರಿಕದಲ್ಲಿ 1996ರಿಂದಲೇ ಇದು ಕಡ್ಡಾಯ. ನಮ್ಮಲ್ಲಿ ಬಿಎಸ್4 ಮಾಲಿನ್ಯ ಮಟ್ಟದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ಬಂತು, ದೇಶಕ್ಕೆಲ್ಲ ಬಿಎಸ್4 ಆಗಿದ್ದು 2017ರ ಏಪ್ರಿಲ್‌ನಲ್ಲಿ. ಅಡಾಪ್ಟರ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಮೊಬೈಲಿನ ಬ್ಲೂಟೂತ್‌ನಲ್ಲಿ ಜೋಡಿಸಿ. ಪಾಸ್‌ವರ್ಡ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000. ಟಾರ್ಕ್, ಕಾರ್ ಸ್ಕ್ಯಾನರ್, ಯಾವ ಆ್ಯಪ್ ಆದರೂ ಸಾಕು. ಐಫೋನ್ ಇದ್ದರೆ ಹಳೇ ಬ್ಲೂಟೂತ್ ಅಡಾಪ್ಟರ್ ಕೆಲಸ ಮಾಡುವುದಿಲ್ಲ, ವೈಫೈ ಅಥವಾ ಬಿಎಲ್‌ಇ ಇರುವಂಥದ್ದೇ ಬೇಕು.

ಕೋಡ್ ಕಂಡ ತಕ್ಷಣ "ಕ್ಲಿಯರ್" ಒತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ತಪ್ಪು ಸಿಕ್ಕಿದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಬಿಸಿ ಎಷ್ಟಿತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಲ್ಲ ಅದರಲ್ಲಿದೆ. ಕ್ಲಿಯರ್ ಮಾಡಿದರೆ ಅದೂ ಹೋಯಿತು. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಿಮ್ಮ ಫ್ರೀಜ್ ಫ್ರೇಮ್‌ನಲ್ಲಿ ವೇಗ ಸೊನ್ನೆ, ಆರ್‌ಪಿಎಂ ಏಳೆಂಟು ನೂರು ಅಂತ ಇದ್ದರೆ ಗಾಡಿ ನಿಂತಾಗಲೇ ತಪ್ಪು ಸಿಕ್ಕಿದೆ ಅಂತ ಅರ್ಥ. ನೀವು ಹೇಳಿದ ನಡುಕಕ್ಕೂ ಅದು ತಾಳೆಯಾಗುತ್ತದೆ.

ಈಗ ಮುಖ್ಯ ಕೆಲಸ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಕೂಲೆಂಟ್ 85 ಡಿಗ್ರಿ ದಾಟುವ ತನಕ ಎಂಜಿನ್ ಓಡಲಿ. ಎಸಿ ಆಫ್ ಇರಲಿ. ಆ್ಯಪ್‌ನಲ್ಲಿ ಶಾರ್ಟ್ ಟರ್ಮ್ ಫ್ಯೂಯೆಲ್ ಟ್ರಿಮ್, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಎರಡನ್ನೂ ತೆರೆಯಿರಿ. ಮಿಶ್ರಣ ಸರಿಹೋಗಲಿ ಅಂತ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಗೆ ಅಥವಾ ಕಡಿಮೆ ಬಿಡುತ್ತಿದೆ ಅನ್ನುವ ಲೆಕ್ಕ ಇದು. ಎರಡನ್ನೂ ಕೂಡಿಸಿ. ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ಚಿಂತೆ ಇಲ್ಲ. ಮೊದಲು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ, ಬರೆದುಕೊಳ್ಳಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು, ಮತ್ತೆ ಬರೆದುಕೊಳ್ಳಿ.

ಐಡಲ್‌ನಲ್ಲಿ ಪ್ಲಸ್ 20ರ ಆಸುಪಾಸು ಇದ್ದು, 2500ರಲ್ಲಿ ನಾಲ್ಕೈದಕ್ಕೆ ಇಳಿದರೆ ಎಲ್ಲೋ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಬಿರುಕು ಅಷ್ಟೇ ಇರುತ್ತದೆ, ಎಂಜಿನ್ ಎಳೆಯುವ ಗಾಳಿ ಜಾಸ್ತಿಯಾದ ಹಾಗೆ ಅದರ ಪಾಲು ಸಣ್ಣದಾಗುತ್ತದೆ. ಅದರ ಬದಲು ಐಡಲ್‌ನಲ್ಲಿ ಸರಿಯಿದ್ದು, ಏರು ಹತ್ತುವಾಗ ಟ್ರಿಮ್ ಮೇಲೇರಿದರೆ ಗಾಳಿಯ ಕಡೆ ಹುಡುಕಬೇಡಿ. ಫ್ಯೂಯೆಲ್ ಫಿಲ್ಟರ್, ಪಂಪ್, ಇಲ್ಲವೇ ಧೂಳು ಕೂತ ಮ್ಯಾಫ್ ಸೆನ್ಸರ್ (ಒಳಬರುವ ಗಾಳಿ ಅಳೆಯುವಂಥದ್ದು) ಕಡೆ ನೋಡಿ.

ನಿಮ್ಮ ಫೋಟೋದಲ್ಲಿ ಏರ್ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಮ್ಯಾಫ್ ಸೆನ್ಸರ್ ಕಾಣುತ್ತಿದೆ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ನಮ್ಮ ಬಹಳಷ್ಟು ಸಣ್ಣ ಕಾರುಗಳಲ್ಲಿ ಮ್ಯಾಫ್ ಇಲ್ಲ, ಮ್ಯಾಪ್ ಸೆನ್ಸರ್ ಮಾತ್ರ. ಅದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡವನ್ನೇ ಅಳೆಯುವುದರಿಂದ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ. ಅಂಥ ಗಾಡಿಯಲ್ಲಿ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಆರ್‌ಪಿಎಂ ಏರುವುದೇ ಜಾಸ್ತಿ. ಬೇರೆ ಓದುಗರು ಇದನ್ನು ಗಮನಿಸಿ.

ಮೊನ್ನೆ ಇದೇ ತರಹದ ಗಾಡಿ ನಮ್ಮ ಶೆಡ್‌ಗೆ ಬಂದಿತ್ತು. ಐಡಲ್‌ನಲ್ಲಿ ಪ್ಲಸ್ 21, ರೇಸ್ ಮಾಡಿದರೆ ಪ್ಲಸ್ 4. ಮೇಲಿಂದ ನೋಡಿದರೆ ಎಲ್ಲ ಪೈಪೂ ಸರಿಯಾಗೇ ಇದ್ದವು. ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ ಎಂಜಿನ್ ಒಳಗಿನ ಆವಿ ಒಯ್ಯುವ ಪಿಸಿವಿ ಪೈಪಿನ ತಿರುವಿಗೆ ಕೆಳಗಿನಿಂದ ಬೆರಳು ಹಾಕಿದೆ. ರಬ್ಬರ್ ಮೆತ್ತಗಾಗಿತ್ತು, ಎಣ್ಣೆ ಪಸೆಗೆ ಧೂಳು ಅಂಟಿತ್ತು. ಸ್ವಲ್ಪ ಬಗ್ಗಿಸಿದರೆ ಉದ್ದಕ್ಕೆ ಸೀಳು. ಎಂಜಿನ್ ಓಡುತ್ತಿದ್ದಾಗ ಆ ಸೀಳನ್ನು ಬೆರಳಲ್ಲಿ ಒತ್ತಿ ಹಿಡಿದೆ. ಹುಡುಗನ ಕೈಲಿದ್ದ ಮೊಬೈಲಿನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ಸರ್ರನೆ ಇಳಿಯಿತು, ನಡುಕವೂ ನಿಂತಿತು. ಹೊಸ ಪೈಪ್ ಹಾಕಿ ಕಳಿಸಿದೆವು. ಆಕ್ಸಿಜನ್ ಸೆನ್ಸರ್ ಮುಟ್ಟಲೇ ಇಲ್ಲ.

ನೀವು ಹುಡುಕುವಾಗ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಕೈ ಹಾಕಿ. ಪಿಸಿವಿ ಪೈಪ್, ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪ್, ಮ್ಯಾಫ್‌ನಿಂದ ಥ್ರಾಟಲ್ ತನಕದ ದಪ್ಪ ರಬ್ಬರ್ ನಳಿಗೆಯ ಮಡಿಕೆಗಳು, ಈ ಮೂರನ್ನು ಬಗ್ಗಿಸಿ ನೋಡಿ. ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹಿಡಿಯುವ ವಸ್ತು, ಮನೆಯಲ್ಲಿ ಬೇಡವೇ ಬೇಡ.

ಸೆನ್ಸರ್ ಬದುಕಿದೆಯೋ ಇಲ್ಲವೋ ಅಂತಲೂ ನೋಡಿಬಿಡಿ. ಬ್ಯಾಂಕ್ 1 ಸೆನ್ಸರ್ 1ರ (ಎಂಜಿನ್‌ಗೆ ಹತ್ತಿರದ ಆಕ್ಸಿಜನ್ ಸೆನ್ಸರ್) ವೋಲ್ಟೇಜ್ ಗ್ರಾಫ್ ತೆರೆಯಿರಿ. ಎಂಜಿನ್ ಬಿಸಿಯಾಗಿದ್ದಾಗ ಅದು 0.1 ಮತ್ತು 0.9ರ ನಡುವೆ ಏರಿಳಿಯುತ್ತಿರಬೇಕು. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ 0.9ರ ಹತ್ತಿರ ಹಾರಬೇಕು, ಬಿಟ್ಟರೆ ಕೆಳಗೆ ಬೀಳಬೇಕು. ಹೀಗಾದರೆ ಸೆನ್ಸರ್ ಕೆಲಸ ಮಾಡುತ್ತಿದೆ. ವೈಡ್‌ಬ್ಯಾಂಡ್ ಸೆನ್ಸರ್ ಇರುವ ಗಾಡಿಗಳಿಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ.

ರಿಪೇರಿ ಆದ ಮೇಲೆ ಕ್ಲಿಯರ್ ಮಾಡದಿದ್ದರೂ ನಡೆಯುತ್ತದೆ. ಸತತ ಮೂರು ಡ್ರೈವಿಂಗ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡಿದರೆ ಒಂದು ಸೈಕಲ್) ತಪ್ಪು ಕಾಣದಿದ್ದರೆ ದೀಪ ತಾನಾಗೇ ಆರುತ್ತದೆ. ಇನ್ನೊಂದು ಮಾತು. ಇ20 ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ ಇರುವುದರಿಂದ ಅದೇ ಗಾಳಿಗೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಹಳೇ ಗಾಡಿಗಳಲ್ಲಿ ಟ್ರಿಮ್ ಮೂರು ನಾಲ್ಕು ಪ್ಲಸ್ ಕಂಡರೆ ಗಾಬರಿ ಬೇಡ. ಆದರೆ 20 ಬರುವುದಕ್ಕೆ ಅದು ಕಾರಣವಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುತ್ತಿದ್ದೇನೆ. ಅಡಾಪ್ಟರ್ ತೆಗೆದುಕೊಂಡು ಹೋದರೆ ಏನಾದರೂ ಉಪಯೋಗ ಇದೆಯಾ? ದೀಪ ಹೊತ್ತಿಲ್ಲ ಅಂತ ಮಾರುವವರು ಹೇಳಿದ್ದಾರೆ.
— ಓದುಗರು, ದಾವಣಗೆರೆ

ಉತ್ತರ: ತೆಗೆದುಕೊಂಡೇ ಹೋಗಿ. ದೀಪ ಹೊತ್ತಿಲ್ಲ ಅನ್ನುವುದಕ್ಕಿಂತ ಯಾವಾಗ ಆರಿಸಿದರು ಅನ್ನುವುದು ನಿಮಗೆ ಬೇಕು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಚೆಕ್ ಎಂಜಿನ್ ದೀಪ ಬರುತ್ತದಾ ನೋಡಿ. ಬರಲೇಬೇಕು. ಬರದಿದ್ದರೆ ಬಲ್ಬ್ ಹೋಗಿದೆ ಅಥವಾ ಬೇಕಂತಲೇ ತೆಗೆದಿದ್ದಾರೆ.

ಆಮೇಲೆ ಆ್ಯಪ್‌ನಲ್ಲಿ ಎರಡು ಸಾಲು ಹುಡುಕಿ: ಕೋಡ್ ಕ್ಲಿಯರ್ ಆದ ಮೇಲೆ ಓಡಿದ ದೂರ, ಕ್ಲಿಯರ್ ಆದ ಮೇಲೆ ಎಂಜಿನ್ ಎಷ್ಟು ಸಲ ತಣ್ಣಗಿದ್ದು ಬಿಸಿಯಾಗಿದೆ ಅನ್ನುವ ಎಣಿಕೆ. ದೂರ 12 ಕಿಲೋಮೀಟರ್ ಅಂತ ಬಂದರೆ ಇವತ್ತು ಬೆಳಿಗ್ಗೆಯೋ ನಿನ್ನೆಯೋ ಯಾರೋ ಅಳಿಸಿದ್ದಾರೆ. ರೆಡಿನೆಸ್ ಮಾನಿಟರ್‌ಗಳನ್ನೂ, ಅಂದರೆ ಗಾಡಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳನ್ನೂ, ನೋಡಿ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಇತ್ಯಾದಿಗಳ ಎದುರು "ಇನ್‌ಕಂಪ್ಲೀಟ್" ಅಂತ ಸಾಲಾಗಿ ಇದ್ದರೆ ಅದೂ ಇದೇ ಕಥೆ. ಬ್ಯಾಟರಿ ಬದಲಾಯಿಸಿದರೂ ಹೀಗಾಗಬಹುದು, ಆದ್ದರಿಂದ ಜಗಳಕ್ಕೆ ಹೋಗಬೇಡಿ. "ಬ್ಯಾಟರಿ ಬಿಲ್ ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಓಡಿಸಿರಿ ಅನ್ನಿ.

ಮುಂಜಾನೆ ಎಂಜಿನ್ ತಣ್ಣಗಿದ್ದಾಗಲೇ ಹೋಗುವುದು ಒಳ್ಳೆಯದು. ಆಗ ಕೂಲೆಂಟ್ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ ಎರಡೂ ಹತ್ತಿರ ಹತ್ತಿರ ಇರಬೇಕು. ಕೂಲೆಂಟ್ 60 ತೋರಿಸಿದರೆ ನೀವು ಬರುವ ಮುಂಚೆ ಗಾಡಿ ಬಿಸಿ ಮಾಡಿದ್ದಾರೆ, ಕೋಲ್ಡ್ ಸ್ಟಾರ್ಟ್ ಹೇಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಗಾಡಿ ಹತ್ತು ದಿನ ಶೆಡ್ಡಿನಲ್ಲೇ ಇತ್ತು. ಈಗ ಎಬಿಎಸ್, ಸ್ಟೀರಿಂಗ್, ಚೆಕ್ ಎಂಜಿನ್, ಎಲ್ಲ ದೀಪ ಒಟ್ಟಿಗೆ ಬಂದಿವೆ. ಇಷ್ಟೆಲ್ಲ ಒಂದೇ ಸಲ ಕೆಡುತ್ತದಾ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಕೆಡುವುದಿಲ್ಲ ಸ್ವಾಮಿ. ಎಲ್ಲ ದೀಪ ಒಟ್ಟಿಗೆ ಬಂದರೆ ಮೊದಲು ವೋಲ್ಟೇಜ್ ನೋಡಿ. ಎಂಜಿನ್ ಆಫ್ ಇದ್ದಾಗ 12.4ರಿಂದ 12.6, ಓಡುವಾಗ 13.5ರಿಂದ 14.7ರ ಒಳಗೆ ಇದ್ದರೆ ಸರಿ. ಪಿ0562 ಕೋಡ್ ಬಂದಿದ್ದರೆ ವೋಲ್ಟೇಜ್ ಕಮ್ಮಿ ಅಂತಲೇ ಅರ್ಥ. ಬ್ಯಾಟರಿ ಟರ್ಮಿನಲ್, ಬಾಡಿಗೆ ಹೋಗುವ ಅರ್ತ್ ವೈರ್ ಬಿಗಿ ಮಾಡಿ. ವೋಲ್ಟೇಜ್ ಸರಿಯಿದ್ದು 'ಯು' ಅಕ್ಷರದಿಂದ ಶುರುವಾಗುವ ಕೋಡ್‌ಗಳಿದ್ದರೆ ಗಾಡಿಯ ಕಂಪ್ಯೂಟರ್ ಯೂನಿಟ್‌ಗಳ ನಡುವೆ ಮಾತುಕತೆ ನಿಂತಿದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಇಲಿಯೇ ಮೊದಲ ಅನುಮಾನ. ಬಾನೆಟ್ ತೆಗೆದು ಬ್ಯಾಟರಿ ಟ್ರೇ ಹಿಂದೆ ಟಾರ್ಚ್ ಬಿಡಿ. ಹುಲ್ಲು, ಅಡಿಕೆ ಸಿಪ್ಪೆ, ಹಿಕ್ಕೆ ಏನಾದರೂ ಕಂಡರೆ ಸ್ಟಾರ್ಟ್ ಮಾಡಬೇಡಿ. ಕಡಿದ ವೈರ್ ಶಾರ್ಟ್ ಆದರೆ ಇಸಿಯು ಹೋಗುತ್ತದೆ. ಸುಮ್ನೆ ಟೇಪ್ ಸುತ್ತಿಸಿಕೊಳ್ಳಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ.

ಪ್ರಶ್ನೆ: ಬಿಎಸ್6 ಡೀಸೆಲ್ ಗಾಡಿ. ದಿನಾ ಊರೊಳಗೇ ಓಡಾಟ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಬರುತ್ತದೆ. ಫಿಲ್ಟರ್ ತೆಗೆಸಿಬಿಡಿ ಅಂತ ಒಬ್ಬರು ಹೇಳಿದರು.
— ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ತೆಗೆಸಬೇಡಿ. ಆ ಮಸಿ ನಿಮ್ಮ ಹಿಂದೆ ಸ್ಕೂಟರ್‌ನಲ್ಲಿ ಬರುವ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕಾನೂನಿಗೂ ವಿರುದ್ಧ. ಮಸಿ ಸುಡಲು ಫಿಲ್ಟರ್ ಸುಮಾರು 600 ಡಿಗ್ರಿಗೆ ಬಿಸಿಯಾಗಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ. ವಾರಕ್ಕೊಮ್ಮೆ ನೆಲಮಂಗಲ ದಾಟಿ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದೆ 60-80ರಲ್ಲಿ ಓಡಿಸಿ. ಆ್ಯಪ್‌ನಲ್ಲಿ ಎಕ್ಸಾಸ್ಟ್ ಉಷ್ಣತೆ ಸಿಕ್ಕರೆ ಅದು ಏರುವುದು ಕಾಣುತ್ತದೆ. ಮಧ್ಯದಲ್ಲಿ ಆಫ್ ಮಾಡಬೇಡಿ.

ಕೋಡ್ ಸರಿಯಾಗಿ ಓದಿ. ಪಿ2463 ಅಂದರೆ ಮಸಿ ಜಾಸ್ತಿ ಸೇರಿದೆ. ಪಿ2002 ಅಂದರೆ ಫಿಲ್ಟರ್ ಸರಿಯಾಗಿ ಸೋಸುತ್ತಿಲ್ಲ, ಅದಕ್ಕೆ ಹೆದ್ದಾರಿ ಮದ್ದಲ್ಲ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಕೂಡ ನೋಡಿ. ಮಸಿ ಸುಡುವ ಕೆಲಸ (ರೀಜೆನ್) ಪದೇ ಪದೇ ಅರ್ಧಕ್ಕೇ ನಿಂತಿದ್ದರಿಂದ ಡೀಸೆಲ್ ಆಯಿಲ್‌ಗೆ ಇಳಿದು ಮಟ್ಟ ಏರಿರುತ್ತದೆ. ಮ್ಯಾಕ್ಸ್ ಗುರುತು ದಾಟಿದ್ದರೆ ಮೊದಲು ಆಯಿಲ್ ಬದಲಾಯಿಸಿ, ಆಮೇಲೆ ಹೆದ್ದಾರಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಕಾರು 2012ರದು. ಪಿ0420 ಬಂದಿದೆ, ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಮುಂದಿನ ವಾರ. ಕ್ಲಿಯರ್ ಮಾಡಿ ಹೋದರೆ ಪಾಸ್ ಆಗುತ್ತದಾ?
— ಮೈಸೂರಿನ ಓದುಗರು, ಫ್ರೀಮಾಂಟ್

ಉತ್ತರ: ಆಗುವುದಿಲ್ಲ. ಅಲ್ಲಿ ಪೋರ್ಟಿಗೇ ಜೋಡಿಸಿ ನೋಡುತ್ತಾರೆ. 2000 ಮತ್ತು ಆನಂತರದ ಪೆಟ್ರೋಲ್ ಗಾಡಿಗೆ ಇವ್ಯಾಪ್ (ಪೆಟ್ರೋಲ್ ಆವಿಯ) ಮಾನಿಟರ್ ಒಂದು ಬಿಟ್ಟು ಮಿಕ್ಕೆಲ್ಲ ಪೂರ್ತಿಯಾಗಿರಬೇಕು. 2010ರಿಂದೀಚಿನ ಗಾಡಿಗಳಲ್ಲಿ ಪರ್ಮನೆಂಟ್ ಕೋಡ್ ಅಂತಲೂ ಇದೆ, ಅದನ್ನು ಯಾವ ಆ್ಯಪ್ ಕೂಡ ಅಳಿಸಲಾರದು. ರಿಪೇರಿ ಆಗಿ, ಗಾಡಿ ತಾನೇ ಪರೀಕ್ಷಿಸಿಕೊಂಡು ಸರಿ ಅಂದ ಮೇಲೇ ಹೋಗುತ್ತದೆ. ಪಿ0420 ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಅದು ದುಬಾರಿ, ಕೊಳ್ಳುವ ಮೊದಲು ಎಕ್ಸಾಸ್ಟ್ ಪೈಪ್ ಸೋರುತ್ತಿದೆಯಾ, ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಇದೆಯಾ ನೋಡಿಸಿ. ಕನ್ವರ್ಟರ್‌ನ ಹಿಂಬದಿಯ ಆಕ್ಸಿಜನ್ ಸೆನ್ಸರ್ ಗ್ರಾಫ್ 0.6-0.7 ವೋಲ್ಟ್ ಹತ್ತಿರ ಹೆಚ್ಚುಕಡಿಮೆ ನೇರವಾಗಿರಬೇಕು. ಅದೂ ಮುಂಬದಿಯ ಸೆನ್ಸರ್ ಹಾಗೇ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ.

ಪ್ರಶ್ನೆ: ದೀಪ ಮಿಣುಕುತ್ತಿದೆ. ಮನೆ 40 ಕಿಲೋಮೀಟರ್ ದೂರ. ಓಡಿಸಬಹುದಾ?
— ಓದುಗರು, ಗದಗ

ಉತ್ತರ: ಬೇಡ. ಮಿಣುಕುವ ದೀಪ ಅಂದರೆ ಜೋರು ಮಿಸ್‌ಫೈರ್. ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲೇ ಉರಿಯುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಕೋಡ್ ಓದಿ. ಪಿ0302 ಅಂತ ಇದ್ದರೆ ಎರಡನೇ ಸಿಲಿಂಡರ್. ಸ್ಪಾರ್ಕ್ ಪ್ಲಗ್‌ಗೊಂದು ಇಗ್ನಿಷನ್ ಕಾಯಿಲ್ ಇರುವ ಎಂಜಿನ್ ಆದರೆ, ತಣ್ಣಗಾದ ಮೇಲೆ ಎರಡನೆಯದರ ಕಾಯಿಲ್ ಮೂರಕ್ಕೆ, ಮೂರರದು ಎರಡಕ್ಕೆ ಹಾಕಿ ಸ್ಟಾರ್ಟ್ ಮಾಡಿ. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಹೋಗಿದೆ. ಬದಲಾಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್.

ಪ್ರಶ್ನೆ: ಅಡಾಪ್ಟರ್ ಯಾವಾಗಲೂ ಪೋರ್ಟ್‌ನಲ್ಲೇ ಇಟ್ಟರೆ ತೊಂದರೆ ಇದೆಯಾ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಇದೆ. 16ನೇ ಪಿನ್‌ನಲ್ಲಿ ಬ್ಯಾಟರಿ ಕರೆಂಟ್ ಸದಾ ಇರುತ್ತದೆ, ಕೀ ತೆಗೆದರೂ. ಗಾಡಿ ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ. ಅಗ್ಗದ ಅಡಾಪ್ಟರ್‌ಗಳ ಬ್ಲೂಟೂತ್ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವ 1234, ಪಕ್ಕದಲ್ಲಿ ನಿಂತವರೂ ಜೋಡಿಸಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಕಿತ್ತು ಗ್ಲೋವ್ ಬಾಕ್ಸ್‌ನಲ್ಲಿಡಿ.