ಮಗನ ಸಂಜೆ ಕೆಲಸ, ಮನೆಯ ಪಡಿತರ ಚೀಟಿ

ಪತ್ರ: ನಮ್ಮ ಯಜಮಾನರು ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದರು. ಸೊಂಟಕ್ಕೆ ಪೆಟ್ಟು ಬಿದ್ದು ಎರಡು ವರ್ಷದಿಂದ ಮನೆಯಲ್ಲಿದ್ದಾರೆ. ನಾನು ರೊಟ್ಟಿ ಬಡಿದು ಮಾರುತ್ತೇನೆ, ತಿಂಗಳಿಗೆ ನಾಲ್ಕು ಸಾವಿರ ಉಳಿಯುತ್ತದೆ. ಮಗನಿಗೆ ಹದಿನಾರು ವರ್ಷ, ಪ್ರಥಮ ಪಿಯುಸಿ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ದೋಸೆ ಹೋಟೆಲಿನಲ್ಲಿ ದುಡಿಯುತ್ತಾನೆ, ದಿನಕ್ಕೆ 150 ರೂಪಾಯಿ. ಇದರಿಂದ ಬಿಪಿಎಲ್ ಚೀಟಿ, ಗೃಹಲಕ್ಷ್ಮಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನ ಎಲ್ಲವೂ ನಿಲ್ಲುತ್ತವೆ, ಎರಡು ಸಾವಿರ ಕೊಟ್ಟರೆ ಚೀಟಿಯಿಂದ ಅವನ ಹೆಸರು ತೆಗೆಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಸಂಪಾದಕರ ಉತ್ತರ:

ತಾಯಿ, ಆ ಎರಡು ಸಾವಿರ ಕೊಡಬೇಡಿ. ಹೆಸರು ತೆಗೆಸಿದ ತಿಂಗಳಿಂದಲೇ ಮಗನ ಪಾಲಿನ ಅಕ್ಕಿ ನಿಲ್ಲುತ್ತದೆ. ಅಲ್ಲದೆ, ನಿಮ್ಮ ಮನೆಯಲ್ಲೇ ಉಂಡು ಮಲಗುವ ಹುಡುಗನನ್ನು ಕಾಗದದಲ್ಲಿ ಹೊರಗಿಟ್ಟರೆ ಅದು ಸುಳ್ಳು ಮಾಹಿತಿಯಾಗುತ್ತದೆ. ನಾಳೆ ವಿಚಾರಣೆ ಬಂದರೆ ಉತ್ತರಿಸಬೇಕಾದವರು ನೀವು, ದುಡ್ಡು ಎಣಿಸಿಕೊಂಡವರಲ್ಲ.

ಈಗ ಲೆಕ್ಕ ಹಾಕೋಣ. ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಕುಟುಂಬ ಎಂದ ಮೇಲೆ ಮಗನ ಗಳಿಕೆಯನ್ನೂ ಸೇರಿಸಿಯೇ ನೋಡಬೇಕು. ನಿಮ್ಮದು ವರ್ಷಕ್ಕೆ 48,000. ತಿಂಗಳಿಗೆ 26 ದಿನ ಹಿಡಿದರೆ ಅವನದು 46,800. ಎರಡೂ ಕೂಡಿ 94,800. ಮಿತಿಗೆ ಇನ್ನೂ 25,200 ರೂಪಾಯಿ ಬಾಕಿ ಇದೆ. 2024ರ ನವೆಂಬರ್‌ನಲ್ಲಿ ಚೀಟಿಗಳು ರದ್ದಾದಾಗ ಎದ್ದ ಭಯ ನಮ್ಮ ಊರಿನಲ್ಲಿ ಇನ್ನೂ ಆರಿಲ್ಲ, ಗೊತ್ತು. ಆದರೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಚೀಟಿ ರದ್ದು ಮಾಡಬೇಡಿ ಎಂದು ಆಗ ಮುಖ್ಯಮಂತ್ರಿಗಳೇ ಸೂಚಿಸಿದ್ದರು.

ಗೃಹಲಕ್ಷ್ಮಿಯ 2,000 ರೂಪಾಯಿಗೆ ಕೇಳುವುದೇ ಬೇರೆ: ಮನೆಯ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುತ್ತಾರೆಯೇ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಾರೆಯೇ ಎಂದು. ಮಗ ತಟ್ಟೆ ಎತ್ತಿ ಗಳಿಸಿದ್ದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹದಿನೆಂಟು ತುಂಬದ ಮಕ್ಕಳು ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ತೆರಿಗೆ ಕಾನೂನು ಕೂಡ ತಂದೆ-ತಾಯಿಯ ಆದಾಯಕ್ಕೆ ಸೇರಿಸುವುದಿಲ್ಲ. ವಿದ್ಯಾರ್ಥಿವೇತನದ ಚಿಂತೆಯೂ ಬೇಡ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನಕ್ಕೆ ಪೋಷಕರ ಆದಾಯದ ಮಿತಿ 2.5 ಲಕ್ಷ, ನೀವು ಅದರ ಹತ್ತಿರಕ್ಕೂ ಹೋಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ರಾತ್ರಿ ಹನ್ನೊಂದರವರೆಗೆ’ ಎಂಬ ಮಾತು.

ನಾನೂ ಪಿಯುಸಿ ಓದುವಾಗ ಇದೇ ಊರಿನ ಮಂಡಕ್ಕಿ ಭಟ್ಟಿಯೊಂದರಲ್ಲಿ ರಾತ್ರಿ ದುಡಿದವನು. ಕಾದ ಮರಳಿಗೆ ಅಕ್ಕಿ ಬಿದ್ದು ಚಟಚಟನೆ ಅರಳುವಾಗ ಮುಖಕ್ಕೆ ಹೊಡೆಯುತ್ತಿದ್ದ ಝಳ, ಜರಡಿ ಆಡಿಸಿ ಆಡಿಸಿ ಸೋತ ಮುಂಗೈ ಇಂದಿಗೂ ನೆನಪಿದೆ. ಬೆಳಿಗ್ಗೆ ಮೊದಲ ತರಗತಿಯಲ್ಲಿ ಹಲಗೆಯ ಮೇಲಿನ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಆ ವರ್ಷ ನಾನು ಲೆಕ್ಕದಲ್ಲಿ ನಪಾಸಾದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ನನ್ನ ಸಂಬಳದಿಂದ ಅಕ್ಕಿ ಬರುತ್ತಿತ್ತಲ್ಲ, ಬೈಯುವುದು ಹೇಗೆ? ನಿಮ್ಮ ಮಗನಿಗೆ ಆ ಗತಿ ಬರಬಾರದು. ಪಿಯುಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ನಿದ್ದೆಗೆಟ್ಟ ಹುಡುಗ ಮೊದಲು ಕಳೆದುಕೊಳ್ಳುವುದು ಬೆಳಗಿನ ತರಗತಿಗಳನ್ನೇ.

ಕಾನೂನು ಕೂಡ ಅವನ ಪರವಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ 14ರಿಂದ 18 ವರ್ಷದೊಳಗಿನವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು. ಆದರೆ ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಅವರಿಂದ ಕೆಲಸ ಮಾಡಿಸುವಂತಿಲ್ಲ. ಮೂರು ಗಂಟೆ ದುಡಿದರೆ ಒಂದು ಗಂಟೆ ಬಿಡುವು ಕೊಡಬೇಕು, ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು. ಇದನ್ನು ಮೀರಿದರೆ ತಪ್ಪು ಮಾಲೀಕರದು. ನಿಮ್ಮ ಮಗ ತಪ್ಪಿತಸ್ಥನಲ್ಲ.

ಹಾಗೆಂದು ನಾಳೆಯೇ ಕೆಲಸ ಬಿಡಿಸಿ ಎನ್ನಲಾರೆ. ತಿಂಗಳಿಗೆ 3,900 ರೂಪಾಯಿ ನಿಮ್ಮ ಮನೆಗೆ ಎಷ್ಟು ದೊಡ್ಡದೆಂದು ಬಲ್ಲೆ. ಬೆಣ್ಣೆ ದೋಸೆ ಹೋಟೆಲಿನ ಅರ್ಧ ಕೆಲಸ ಗಿರಾಕಿ ಬರುವ ಮೊದಲೇ ಇರುತ್ತದೆ: ಆಲೂಗಡ್ಡೆ ಬೇಯಿಸಿ ಸುಲಿಯಬೇಕು, ಕಾಯಿ ತುರಿಯಬೇಕು, ಹಿಟ್ಟು ರುಬ್ಬಬೇಕು. ಕಾಲೇಜು ಬಿಟ್ಟ ಮೇಲೆ ಏಳರೊಳಗೆ ಈ ಕೆಲಸ, ಭಾನುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಹೋಟೆಲಿನ ಕೆಲಸ, ವಾರದ ನಡುವೆ ಒಂದು ದಿನ ರಜೆ ಎಂದು ಮಾಲೀಕರನ್ನು ಕೇಳಿ. ಸಂಬಳ ಖಂಡಿತ ಕಡಿಮೆಯಾಗುತ್ತದೆ. ಅಷ್ಟು ಕೊರತೆಯನ್ನು ಹೇಗಾದರೂ ತೂಗಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಸಂಬಳವನ್ನು ಮಗನ ಹೆಸರಿನ ಉಳಿತಾಯ ಖಾತೆಗೇ ಹಾಕಿಸಿದರೆ ಕೊಟ್ಟದ್ದಕ್ಕೆ ದಾಖಲೆ ಉಳಿಯುತ್ತದೆ.

ಮಾಲೀಕರು ಒಪ್ಪದೆ ಬಾಕಿ ಸಂಬಳ ಹಿಡಿದಿಟ್ಟರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಒಬ್ಬರೇ ಕಚೇರಿ ಮೆಟ್ಟಿಲು ಹತ್ತಲು ಅಳುಕಾದರೆ ಒಂದು ಸಾಲು ಬರೆದು ತಿಳಿಸಿ, ನಾನೇ ಜೊತೆಗೆ ಬರುತ್ತೇನೆ.